ಬೆಂಗಳೂರು ನಾಗರತ್ನಮ್ಮ

ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ 1878ರ ನವೆಂಬರ್ 3ರಂದು ದೇವದಾಸಿ ಮನೆತನವೊಂದರಲ್ಲಿ ನಾಗರತ್ನಮ್ಮನವರು ಜನಿಸಿದರು. ತಾಯಿ ಪುಟ್ಟಲಕ್ಷ್ಮಿ ಕಷ್ಟದ ದಿನಗಳಲ್ಲಿಯೂ ಮಗಳ ವಿದ್ಯಾಭ್ಯಾಸಕ್ಕೆ ಕೊರತೆ ಮಾಡಲಿಲ್ಲ. ಸಂಸ್ಕೃತ, ಕನ್ನಡ, ತೆಲುಗುಗಳೊಡನೆ ಸಂಗೀತ ನಾಟ್ಯಗಳ ಪಾಠವೂ ನಡೆಯಿತು. ಪೋಷಕರಾಗಿ ನಿಂತ ಬಂಧು ವೆಂಕಟಸ್ವಾಮಪ್ಪನವರು ಪಿಟೀಲು ವಾದಕರು. ಪಿಟೀಲು ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ ಇದ್ದ ಆ ಕಾಲದಲ್ಲಿ, ಹದಿನೈದರ ಬಾಲೆ ವಿದ್ವಾಂಸರ ಸಭೆಯಲ್ಲಿ ಪಿಟೀಲು ನುಡಿಸಿದಳು, ನರ್ತಿಸಿದಳು.

ಬೆಂಗಳೂರಿನಲ್ಲಿ ಅವರಿಗೆ ದೊರೆತ ಗುರು ಮುನಿಸ್ವಾಮಪ್ಪನವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಮುಂದೆ ಮದರಾಸಿನಲ್ಲಿ ನೆಲೆಸಿದ ನಾಗರತ್ನಮ್ಮನವರು ಗಾಯನದಿಂದ ಹಣವನ್ನೂ ಕೀರ್ತಿಯನ್ನೂ ಗಳಿಸಿದರು. 1910ರಲ್ಲಿ ಮುದ್ದುಪಳನಿಯೆಂಬ ಹಿಂದಿನ ಕವಯಿತ್ರಿಯ ತೆಲುಗು ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು. ಸರ್ಕಾರವು ಅದನ್ನು ನಿಷೇಧಿಸಿತು. ನಿಷೇಧವು ತೆರವಾದುದು 1947ರಲ್ಲಿ.

ತ್ಯಾಗರಾಜರು 1847ರಲ್ಲಿ ದೇಹತ್ಯಾಗ ಮಾಡಿದ ತಿರುವೈಯಾರು ತಂಜಾವೂರು ಸೀಮೆಯಲ್ಲಿ ಕಾವೇರಿಯ ದಡದಲ್ಲಿದೆ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿದ ಕಪಿಲೆಯ ನೀರೂ ಅಲ್ಲಿಗೆ ಹರಿಯುತ್ತದೆಯಷ್ಟೆ! ಆ ಮಹನೀಯರ ಸಮಾಧಿಯು ಪಾಳುಬಿದ್ದಿರುವ ಸಂಗತಿಯನ್ನು ಪಿಟೀಲು ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ನಾಗರತ್ನಮ್ಮನವರಿಗೆ ತಿಳಿಸಿದರು. ಅವರು ಸುಮ್ಮನಿರಲಿಲ್ಲ. ನೆಲವನ್ನು ದೊರಕಿಸಿ, ತಮ್ಮ ಗಳಿಕೆಯನ್ನು ಸುರಿದು, 1921ರಲ್ಲಿ ಮಂದಿರದ ಕೆಲಸವನ್ನು ಆರಂಭಿಸಿದರು. 1925ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು.

ಆದರೆ ಅಲ್ಲಿ ವರ್ಷವರ್ಷವೂ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿಯನ್ನು ಕಟ್ಟಿಸಿದವರಿಗೇ ಅಲ್ಲಿ ಬಾಯಿ ತೆರೆಯುವ ಹಕ್ಕಿಲ್ಲ! ಸಂಗೀತದ ಗಂಡಸರು ಪಂಗಡಗಳಾಗಿ ಒಡೆದು ಪರಸ್ಪರ ಸ್ಪರ್ಧಿಸುತ್ತಿದ್ದರೂ, ಈ ಒಂದು ವಿಷಯದಲ್ಲಿ ಮಾತ್ರ ಅವರಲ್ಲಿ ಒಮ್ಮತವಿದ್ದಿತು. ನಾಗರತ್ನಮ್ಮನವರು ಹಿಂಜರಿಯದೆ 1927ರಲ್ಲಿ ಕಲಾವಿದೆಯರನ್ನು ಕೂಡಿಸಿದರು. ಗಂಡಸರು ಮುಂದುಗಡೆ ಹಾಡುತ್ತಿರಲು, ಈ ಮಹಿಳಾ ಮೇಳವು ಮಂದಿರದ ಹಿಂಭಾಗದಲ್ಲಿ ತನ್ನದೇ ಆರಾಧನೆಯನ್ನು ನಡೆಸಿತು. ಅದು ಒಂದು ವರ್ಷದ ಆವೇಶವಾಗಿ ಮುಗಿಯಲಿಲ್ಲ. ಪ್ರತಿವರ್ಷವೂ ಅವರು ಬಂದರು, ಹಾಡಿದರು. 1940ರ ದಶಕದ ಆರಂಭದಲ್ಲಿ ಪಂಗಡಗಳೆಲ್ಲ ಒಂದುಗೂಡಿದಾಗ ಸ್ತ್ರೀಯರಿಗೂ ಮುಂದುಗಡೆಯೇ ಸ್ಥಾನ ದೊರೆಯಿತು.

ನಾಗರತ್ನಮ್ಮನವರು ಕೊನೆಯ ದಿನಗಳನ್ನು ತಿರುವೈಯಾರಿನಲ್ಲಿಯೇ ಕಳೆದು, ಆಸ್ತಿಯನ್ನು ತ್ಯಾಗರಾಜರ ಸೇವೆಗೆ ಮೀಸಲಿಟ್ಟು, 1952ರ ಮೇ 19ರಂದು ತೀರಿಕೊಂಡರು. ಅವರ ಸ್ಮಾರಕವೂ ಅಲ್ಲಿಯೇ ಇದೆ. ಅದರಲ್ಲಿನ ವಿಗ್ರಹವು ತ್ಯಾಗರಾಜರ ಸಮಾಧಿಯ ಕಡೆಗೆ ಮುಖಮಾಡಿ ಕೈಮುಗಿದು ಕುಳಿತಿದೆ.