ಮದ್ಯವ್ಯಸನಿಗಳ ಬಂಧು ಡಾಕ್ಟರ್ ರಾಬರ್ಟ್ ಸ್ಮಿಥ್‌ರವರ ಚರಿತ್ರೆ

ಪ್ರವಾಹದಲ್ಲಿ ಸಿಕ್ಕಿದವನು ದಡವನ್ನು ಸೇರಿದ ಕೂಡಲೆ ಮೈಯೊರಸಿಕೊಂಡು ಮನೆಯ ದಾರಿಯನ್ನು ಹಿಡಿಯುವುದು ಲೋಕದ ರೂಢಿ. ತಾನು ಪಾರಾದ ಮೇಲೆಯೂ ದಡದಲ್ಲಿಯೇ ನಿಂತು, ತೇಲಿಬರುವ ಇನ್ನೊಬ್ಬನಿಗೆ ಕೈನೀಡತಕ್ಕವರು ವಿರಳ. ಹಾಗೆ ಕೈನೀಡುವುದರಿಂದಲೇ ತನ್ನ ಕಾಲೂ ಜಾರದೆ ನಿಲ್ಲುವುದೆಂಬ ಮರ್ಮವನ್ನು ಅರಿತವರು ಇನ್ನೂ ವಿರಳ. ಅಮೇರಿಕಾ ದೇಶದ ಓಹಾಯೋ ಪ್ರಾಂತದ ಆಕ್ರನ್ ಪಟ್ಟಣದಲ್ಲಿ ಶಸ್ತ್ರವೈದ್ಯರಾಗಿದ್ದ ಡಾಕ್ಟರ್ ರಾಬರ್ಟ್ ಹಾಲ್‌ಬ್ರೂಕ್ ಸ್ಮಿಥ್‌ರವರು ಈ ವಿರಳರ ಪಂಕ್ತಿಗೆ ಸೇರಿದವರು. ಅವರು ಅರ್ಧಾಯುಷ್ಯವನ್ನು ಕುಡಿತದಲ್ಲಿ ಕಳೆದರು. ಉಳಿದ ಆಯುಷ್ಯವನ್ನು ಕುಡುಕರ ಹಾಸಿಗೆಯ ಬಳಿಯಲ್ಲಿ ಕಳೆದು ಸಾರ್ಥಕ ಮಾಡಿಕೊಂಡರು.

ಸ್ಮಿಥ್‌ರವರು ೧೮೭೯ನೆಯ ಇಸವಿ ಆಗಸ್ಟ್ ೮ರಂದು ವರ್ಮಾಂಟ್ ಪ್ರಾಂತದ ಸೇಂಟ್ ಜಾನ್ಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರು, ಊರಿನಲ್ಲಿ ಮಾನ್ಯತೆಯುಳ್ಳವರು. ತಂದೆತಾಯಿಗಳಿಬ್ಬರೂ ದೈವಭಕ್ತರಾಗಿದ್ದು, ಮಗನನ್ನು ವಾರಕ್ಕೆ ಹಲವು ಸಲ ಪ್ರಾರ್ಥನಾಮಂದಿರಕ್ಕೆ ತಪ್ಪದೆ ಕಳುಹಿಸುತ್ತಿದ್ದರು. ಒತ್ತಾಯದಿಂದ ಬಂದ ಭಕ್ತಿಯು ಹೃದಯದಲ್ಲಿ ಬೇರೂರಲಿಲ್ಲ. ತಾನು ಸ್ವತಂತ್ರನಾದ ಮೇಲೆ ಆ ಹೊಸ್ತಿಲನ್ನು ತುಳಿಯಬಾರದೆಂದು ಬಾಲಕನು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಂಡನು. ಸುಮಾರು ೪೦ ವರ್ಷಗಳವರೆಗೆ ಆ ನಿಶ್ಚಯವನ್ನು ಬಹುಮಟ್ಟಿಗೆ ನಡೆಸಿಯೂ ನಡೆಸಿದನು.

ಡಾರ್ಟ್‌ಮತ್ ಕಾಲೇಜಿನಲ್ಲಿ ಓದುವಾಗ ಕುಡಿತವು ಗೆಳೆಯರ ನಡುವಣ ವಿನೋದವಾಗಿ ಆರಂಭವಾಯಿತು. ಇತರರು ಮರುದಿನ ತಲೆಯೆತ್ತಲಾರದೆ ಮಲಗಿದರೆ, ಸ್ಮಿಥ್‌ರವರಿಗೆ ಯಾವ ಬಾಧೆಯೂ ತೋರುತ್ತಿರಲಿಲ್ಲ. ಇದನ್ನು ಅವರು ತಮ್ಮ ಶಕ್ತಿಯೆಂದು ಬಗೆದರು. ವಿನಾಶದ ಬೀಜವು ಅದರಲ್ಲಿಯೇ ಅಡಗಿತ್ತೆಂಬುದು ಆಗ ತಿಳಿಯಲಿಲ್ಲ. ೧೯೦೨ರಲ್ಲಿ ಪದವೀಧರರಾಗಿ, ಮೂರು ವರ್ಷ ವ್ಯಾಪಾರದ ಉದ್ಯೋಗಗಳಲ್ಲಿದ್ದು, ಬಳಿಕ ವೈದ್ಯವಿದ್ಯೆಯನ್ನು ಹಿಡಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕುಡಿತವು ವಿದ್ಯೆಗೆ ವಿಘ್ನವಾಯಿತು. ಅಲ್ಲಿಂದ ಶಿಕಾಗೋ ನಗರದ ರಷ್ ವೈದ್ಯಕೀಯ ಕಾಲೇಜಿಗೆ ಹೋದರು. ಅಂತಿಮ ಪರೀಕ್ಷೆಯಲ್ಲಿ ಕೈನಡುಕದಿಂದ ಒಂದಕ್ಷರವನ್ನೂ ಬರೆಯಲಾರದೆ ಬರಿಯ ಹಾಳೆಗಳನ್ನೊಪ್ಪಿಸಿ ಬಂದ ಪ್ರಸಂಗವೂ ಉಂಟು. ಮತ್ತೆ ಕೆಲವು ತಿಂಗಳು ಕುಡಿಯದೆ ಓದಿ ತೋರಿಸಬೇಕೆಂದು ಗುರುಗಳು ವಿಧಿಸಲು, ಅದರಂತೆ ನಡೆದು ೧೯೧೦ರಲ್ಲಿ ವೈದ್ಯಪದವಿಯನ್ನು ಪಡೆದರು. ಇದರಿಂದ ಅವರಲ್ಲಿ ಸಂಕಲ್ಪಬಲವು ಇರಲಿಲ್ಲವೆಂದು ಹೇಳುವಂತಿಲ್ಲ. ಕೆಲವು ತಿಂಗಳು ಬಿಡುವ ಬಲವಿತ್ತು. ಬಿಟ್ಟಂತೆಯೇ ಉಳಿಯುವ ಬಲವು ಮಾತ್ರ ಇರಲಿಲ್ಲ.

ಆಕ್ರನ್ ಪಟ್ಟಣವು ರಬ್ಬರು ಚಕ್ರಗಳ ಕಾರ್ಖಾನೆಗಳಿಂದ ಬೆಳೆದ ಊರು. ಅಲ್ಲಿನ ಆಸ್ಪತ್ರೆಯಲ್ಲಿ ಎರಡು ವರ್ಷ ಅಭ್ಯಾಸಮಾಡಿ ಸ್ಮಿಥ್‌ರವರು ಸ್ವತಂತ್ರ ವೃತ್ತಿಯನ್ನು ಆರಂಭಿಸಿದರು. ಕೈಯಲ್ಲಿ ಹಣವೂ ದಿನದಲ್ಲಿ ಬಿಡುವೂ ದೊರೆತೊಡನೆ ವ್ಯಸನವು ಹೆಚ್ಚಿತು. ಹನ್ನೆರಡಕ್ಕೆ ಕಡಮೆಯಿಲ್ಲದಷ್ಟು ಸಲ ಚಿಕಿತ್ಸಾಲಯಗಳನ್ನು ಸೇರಿ ಹೊರಬಂದರು. ಕೊನೆಗೆ ತಂದೆಯು ಒಬ್ಬ ವೈದ್ಯರನ್ನು ಕಳುಹಿಸಿ ಮಗನನ್ನು ಊರಿಗೆ ಕರೆತರಿಸಬೇಕಾಯಿತು. ಅಲ್ಲಿ ಎರಡು ತಿಂಗಳು ಹಾಸಿಗೆ ಹಿಡಿದು ಚೇತರಿಸಿಕೊಂಡರು. ೧೯೧೫ರಲ್ಲಿ ಆನ್ ರಿಪ್ಲಿ ಎಂಬ ಸಾಧ್ವಿಯೊಡನೆ ವಿವಾಹವಾಯಿತು. ವಿದ್ಯಾರ್ಥಿದೆಸೆಯಲ್ಲಿ ಪರಿಚಯವಾಗಿದ್ದ ಈಕೆಯು ೧೭ ವರ್ಷಗಳ ಕಾಲ ಅವರಿಗಾಗಿ ಕಾದಿದ್ದವಳು.

೧೯೨೦ರಲ್ಲಿ ಅಮೇರಿಕಾ ದೇಶದಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದಿತು. ಇನ್ನು ಮದ್ಯವೇ ದೊರೆಯದಾದುದರಿಂದ ತಮ್ಮ ಪೀಡೆ ತಾನಾಗಿಯೇ ತೊಲಗುವುದೆಂದು ಸ್ಮಿಥ್‌ರವರು ನಂಬಿದರು. ಆದರೆ ವೈದ್ಯರಿಗೆ ಔಷಧದ ನಿಮಿತ್ತವಾಗಿ ಮದ್ಯಸಾರವು ಸಿಕ್ಕುತ್ತಿತ್ತು. ಕಳ್ಳತನದಿಂದ ಮಾರುವವರು ಬೀದಿಬೀದಿಗೂ ಹುಟ್ಟಿಕೊಂಡರು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಿತು. ಮನಸ್ಸಿನ ಬಾಗಿಲನ್ನು ಮುಚ್ಚಲಿಲ್ಲ. ೧೯೩೩ರ ಡಿಸೆಂಬರಿನಲ್ಲಿ ಆ ನಿರೋಧವೂ ರದ್ದಾಯಿತು. ಈ ಕಾಲದಲ್ಲಿ ಸ್ಮಿಥ್‌ರವರ ದಿನಚರಿಯು ಶೋಚನೀಯವಾಗಿತ್ತು. ಬೆಳಗ್ಗೆ ಕೈನಡುಕವನ್ನು ನಿಲ್ಲಿಸುವುದಕ್ಕಾಗಿ ಶಾಮಕ ಔಷಧ, ಹಗಲೆಲ್ಲ ರೋಗಿಗಳ ಸೇವೆ, ಸಂಜೆಯಾಯಿತೆಂದರೆ ಮದ್ಯ. ಸೀಸೆಗಳನ್ನು ಕಲ್ಲಿದ್ದಲಿನ ರಾಶಿಯಲ್ಲಿಯೂ ತೊಲೆಗಳ ಮೇಲೆಯೂ ಕಾಲುಚೀಲದೊಳಗೂ ಬಚ್ಚಿಡುವರು, ಹೆಂಡತಿಯು ಹುಡುಕುವಳು. ಮನೆಯು ಸಾಲಕ್ಕೆ ಅಡವಾಯಿತು. ಇನ್ನು ಮುಟ್ಟುವುದಿಲ್ಲವೆಂದು ಹೆಂಡತಿಗೂ ಮಕ್ಕಳಿಗೂ ಕೊಟ್ಟ ಮಾತುಗಳಿಗೆ ಲೆಕ್ಕವಿರಲಿಲ್ಲ. ಮಾತು ಕೊಡುವಾಗ ಅವರು ಸುಳ್ಳುಗಾರರಾಗಿರಲಿಲ್ಲ. ಮಾತನ್ನು ಉಳಿಸಿಕೊಳ್ಳುವಾಗ ಒಂಟಿಯಾಗಿದ್ದರು. ಆನ್‌ರವರ ಪ್ರೇರಣೆಯಿಂದ ಆಕ್ಸ್‌ಫರ್ಡ್ ಗುಂಪೆಂಬ ಧಾರ್ಮಿಕ ಮಂಡಲಿಯ ಕೂಟಗಳಿಗೆ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಹೋದರು, ಗ್ರಂಥಗಳನ್ನೋದಿದರು, ಪ್ರಾರ್ಥಿಸಿದರು. ಆದರೂ ಪ್ರತಿರಾತ್ರಿ ಕುಡಿದೇ ಮಲಗುತ್ತಿದ್ದರು.

ಇಂಥ ಸಮಯದಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬವರು ವ್ಯಾಪಾರದ ಕಾರ್ಯಕ್ಕಾಗಿ ಆಕ್ರನ್‌ಗೆ ಬಂದರು. ಇವರೂ ವರ್ಮಾಂಟ್ ಪ್ರಾಂತದವರೇ. ಇವರೂ ಮದ್ಯದಿಂದ ಮೃತ್ಯುವಿನ ಹೊಸ್ತಿಲಿನವರೆಗೆ ಹೋಗಿ, ಕುಡಿತವನ್ನು ಬಿಟ್ಟು ಐದಾರು ತಿಂಗಳಾಗಿದ್ದವರು. ಬಂದ ಕಾರ್ಯವು ಕೆಟ್ಟಿತು. ಹೋಟೆಲಿನಲ್ಲಿ ಏಕಾಕಿಯಾಗಿ ನಿಂತಾಗ ಪಕ್ಕದ ಪಾನಶಾಲೆಯ ಸದ್ದು ಅವರನ್ನು ಕರೆಯತೊಡಗಿತು. ಇನ್ನೊಬ್ಬ ಕುಡುಕನೊಡನೆ ಮಾತನಾಡಿದಲ್ಲದೆ ತಾನು ಉಳಿಯಲಾರೆನೆಂದು ಹೊಳೆದು, ಊರಿನ ಪಾದ್ರಿಗಳಿಗೆ ಟೆಲಿಫೋನು ಮಾಡಿ ವಿಚಾರಿಸಿದರು. ಆ ಸೂತ್ರವು ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಬಳಿಗೆ ಮುಟ್ಟಿತು. ಆಕೆಯು ಸ್ಮಿಥ್ ದಂಪತಿಗಳನ್ನು ಬಲ್ಲವಳು. ಆ ಶನಿವಾರ ಸ್ಮಿಥ್‌ರವರು ಹೆಂಡತಿಗಾಗಿ ಒಂದು ಹೂವಿನ ಕುಂಡವನ್ನು ಹಿಡಿದುಕೊಂಡು ಬಂದು, ಮೈಮರೆತು ಬಿದ್ದಿದ್ದರು. ಮರುದಿನ, ೧೯೩೫ನೆಯ ಇಸವಿ ಮೇ ೧೨ರ ಸಂಜೆ ಐದು ಗಂಟೆಗೆ, ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂಬ ಕರಾರಿನ ಮೇಲೆ ಆಕೆಯ ಮನೆಗೆ ಬಂದರು. ಎದ್ದಾಗ ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ಅಲ್ಲಿಯವರೆಗೆ ಅವರಿಗೆ ಬುದ್ಧಿ ಹೇಳಿದವರೆಲ್ಲ ಕುಡಿಯದವರು. ಈತನಾದರೋ ಬುದ್ಧಿ ಹೇಳಲಿಲ್ಲ. ತನ್ನ ಕಥೆಯನ್ನೇ ಹೇಳಿದನು, ತನಗೂ ಈ ಮಾತುಕತೆ ಬೇಕಾಗಿದೆಯೆಂದು ಒಪ್ಪಿಕೊಂಡನು. ಉಪದೇಶಕ್ಕೆ ಮುಚ್ಚಿದ್ದ ಕಿವಿಯು ಸಮದುಃಖಿಯ ಮಾತಿಗೆ ತೆರೆಯಿತು.

ಆದರೂ ಒಂದೇ ಭೇಟಿಯಿಂದ ರೋಗವು ತೀರಲಿಲ್ಲ. ಕೆಲವು ವಾರಗಳಾದ ಮೇಲೆ ಸ್ಮಿಥ್‌ರವರು ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದವರು ರೈಲಿನಲ್ಲಿಯೇ ಕುಡಿಯಲಾರಂಭಿಸಿ, ಮೈಮೇಲೆ ಎಚ್ಚರವಿಲ್ಲದ ಸ್ಥಿತಿಯಲ್ಲಿ ಹಿಂದಿರುಗಿದರು. ವಿಲ್ಸನ್‌ರೂ ಆನ್‌ರೂ ಅವರನ್ನು ದೂರಲಿಲ್ಲ; ರಾತ್ರಿಹಗಲು ಕಾದು ಉಪಚರಿಸಿದರು. ಅವರು ಒಂದು ಶಸ್ತ್ರಚಿಕಿತ್ಸೆಯನ್ನು ಮಾಡಬೇಕಾಗಿದ್ದ ದಿನ ಬೆಳಗ್ಗೆ ಕೈ ನಿಲ್ಲಲೆಂದು ವಿಲ್ಸನ್‌ರವರು ಕೊಟ್ಟ ಒಂದು ಸೀಸೆ ಬಿಯರೇ ಅವರ ಕಡೆಯ ಪಾನವಾಯಿತು. ಶಸ್ತ್ರಚಿಕಿತ್ಸೆಯು ಮುಗಿದರೂ ಸ್ಮಿಥ್‌ರವರು ಗಂಟೆಗಟ್ಟಲೆ ಮನೆಗೆ ಬರಲಿಲ್ಲ. ಮತ್ತೆ ಕುಡಿಯಹೋದರೆಂದು ಮನೆಯವರು ಹೆದರಿದರು. ಆದರೆ ಅವರು ಸಾಲಗಾರರ ಮನೆಗಳಿಗೂ, ತಮ್ಮಿಂದ ನೊಂದವರ ಮನೆಗಳಿಗೂ ಒಂದೊಂದಾಗಿ ಹೋಗಿ, ತಪ್ಪನ್ನೊಪ್ಪಿಕೊಂಡು, ಋಣವನ್ನು ತೀರಿಸುವ ಮಾತನ್ನು ಆಡಿ ಬಂದಿದ್ದರು. ೧೯೩೫ನೆಯ ಜೂನ್ ೧೦ನ್ನೇ ಆ ದಿನವೆಂದು ಎಣಿಸಿ, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದವರು ತಮ್ಮ ಸಂಘದ ಜನ್ಮದಿನವನ್ನಾಗಿ ಆಚರಿಸುತ್ತಾರೆ. ಹೆಸರನ್ನು ಬಯಲುಮಾಡದ ಮದ್ಯವ್ಯಸನಿಗಳೆಂಬುದೇ ಆ ಹೆಸರಿನ ಅರ್ಥ.

ಇಬ್ಬರೂ ತಡಮಾಡದೆ ಮೂರನೆಯವನನ್ನು ಅರಸಿದರು. ನಗರದ ಆಸ್ಪತ್ರೆಯಲ್ಲಿ ಒಬ್ಬ ವಕೀಲನನ್ನು ಮಂಚಕ್ಕೆ ಕಟ್ಟಿಹಾಕಿದ್ದರು. ಮತ್ತಿನಲ್ಲಿ ಅವನು ದಾದಿಯರನ್ನು ಹೊಡೆದಿದ್ದನು. ಅವನ ಹಾಸಿಗೆಯ ಬಳಿ ಕುಳಿತು ಇಬ್ಬರೂ ತಮ್ಮ ತಮ್ಮ ಕಥೆಯನ್ನು ಹೇಳಿದರು. ಅವನು ಜುಲೈ ೪ರಂದು ಎದ್ದು ಮನೆಗೆ ಹೋದನು. ಸಾಯುವವರೆಗೂ ಮತ್ತೆ ಕುಡಿಯಲಿಲ್ಲ.

ಅಂದಿನಿಂದ ಆರ್ಡ್‌ಮೋರ್ ಬೀದಿಯ ೮೫೫ನೆಯ ನಂಬರಿನ ಸ್ಮಿಥ್‌ರವರ ಮನೆಯು ನಿರಾಶ್ರಿತರ ತವರಾಯಿತು. ಆಸ್ಪತ್ರೆಯಿಂದ ಹೊರಬಿದ್ದ ಕುಡುಕನಿಗೆ ಮೊದಲನೆಯ ಕಂಟಕವು ಹಳೆಯ ಬೀದಿ, ಹಳೆಯ ಗೆಳೆಯರು, ಬರಿದಾದ ಮನೆ. ಔಷಧವು ಮೈಯ ವಿಷವನ್ನಷ್ಟೇ ಇಳಿಸುವುದು. ನಾಳೆಯ ಸಂಜೆಯನ್ನು ಎಲ್ಲಿ ಕಳೆಯಬೇಕೆಂಬುದಕ್ಕೆ ಅದು ಉತ್ತರ ಕೊಡಲಾರದು. ಇದನ್ನು ತಮ್ಮ ಅನುಭವದಿಂದಲೇ ಬಲ್ಲ ಸ್ಮಿಥ್ ದಂಪತಿಗಳು, ತಾವೇ ಸಾಲದಲ್ಲಿದ್ದರೂ, ಅಂಥವರನ್ನು ತಂದು ದಿನಗಟ್ಟಲೆ, ವಾರಗಟ್ಟಲೆ ಮನೆಯಲ್ಲಿರಿಸಿಕೊಂಡರು. ತಮ್ಮ ಮಕ್ಕಳ ಮಲಗುವ ಕೋಣೆಯನ್ನೂ ಬಿಟ್ಟುಕೊಟ್ಟರು. ಆನ್‌ರವರು ಬೆಳಗ್ಗೆ ಕಾಫಿಯನ್ನಿಟ್ಟು, ಧರ್ಮಗ್ರಂಥವನ್ನೋದಿ, ಎಲ್ಲರನ್ನೂ ಮೌನಪ್ರಾರ್ಥನೆಗೆ ಕೂರಿಸುವರು. ಕೂಟಗಳಲ್ಲಿ ಹಿಂದಿನ ಸಾಲಿನಲ್ಲಿ ನಾಚಿ ಕುಳಿತ ಹೊಸಬನನ್ನೂ ಅವನ ನೊಂದ ಹೆಂಡತಿಯನ್ನೂ ಮೊದಲು ಮಾತನಾಡಿಸುವರು. ಮನೆಯಲ್ಲಿ ಇಟ್ಟುಕೊಂಡವರೆಲ್ಲ ಉದ್ಧಾರವಾದರೆಂದಲ್ಲ. ಮೊದಲಿಗೆ ಬಂದವರಲ್ಲಿಯೇ ಮತ್ತೆ ಬಿದ್ದವರಿದ್ದರು. ಆದರೂ ಬಾಗಿಲು ಮುಚ್ಚಲಿಲ್ಲ. ೧೯೩೭ರ ಕೊನೆಯಲ್ಲಿ ಸ್ಮಿಥ್‌ರೂ ವಿಲ್ಸನ್‌ರೂ ಕೂಡಿ ಲೆಕ್ಕಹಾಕಿದಾಗ, ಎರಡು ಊರುಗಳಲ್ಲಿ ಸುಮಾರು ೪೦ ಜನರು ಕುಡಿಯದೆ ಬಾಳುತ್ತಿರುವುದು ಕಂಡುಬಂದಿತು. ೧೯೩೯ರಲ್ಲಿ ಈ ಅನುಭವವು ಗ್ರಂಥರೂಪವಾಗಿ ಪ್ರಕಟವಾಯಿತು. ಅದರಲ್ಲಿನ ಹನ್ನೆರಡು ಮೆಟ್ಟಿಲುಗಳ ಕ್ರಮವನ್ನು ವಿಲ್ಸನ್‌ರವರು ಬರೆದರು.

ಆ ಕಾಲದಲ್ಲಿ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳಲೊಲ್ಲವು. ಗಲಾಟೆ ಮಾಡುವರು, ಹಣ ಕೊಡರು, ಮತ್ತೆ ಕುಡಿಯುವರು ಎಂಬುದು ಆಕ್ಷೇಪ. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡುವ ಕೆಲಸದಲ್ಲಿದ್ದ ಸಿಸ್ಟರ್ ಇಗ್ನೇಷಿಯಾ ಎಂಬ ಕ್ಯಾಥೊಲಿಕ್ ಸಂನ್ಯಾಸಿನಿಯು ಮಾತ್ರ ಸ್ಮಿಥ್‌ರವರ ಬಿನ್ನಹಕ್ಕೆ ಕಿವಿಗೊಟ್ಟಳು. ಸ್ಮಿಥ್‌ರವರು ಬೇರೆ ಪಂಥದವರೆಂಬುದು ಅಡ್ಡಬರಲಿಲ್ಲ. ೧೯೩೯ರ ಆಗಸ್ಟಿನಲ್ಲಿ ಮೊದಲನೆಯ ವ್ಯಸನಿಯನ್ನು ಹೊಟ್ಟೆಯ ಉರಿಯೂತದ ರೋಗಿಯೆಂದು ಬರೆದುಕೊಂಡು ಸೇರಿಸಿದರು. ಅವನನ್ನು ನೋಡಬರುವವರೊಡನೆ ಮಾತನಾಡಲು ಮರೆಯಾದ ಸ್ಥಳವಿಲ್ಲದಿರಲು, ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸಿಡುವ ಚಿಕ್ಕ ಕೋಣೆಯೊಳಕ್ಕೆ ಅವನ ಮಂಚವನ್ನು ತಳ್ಳಿದರು. ಆ ಹೂವಿನ ಕೋಣೆಯಿಂದ ಒಂದು ಪ್ರತ್ಯೇಕ ವಿಭಾಗವೇ ಬೆಳೆಯಿತು. ಅಲ್ಲಿಗೆ ಬರುವವನನ್ನು ವ್ಯಸನಮುಕ್ತನೊಬ್ಬನು ಹೊಣೆಯಾಗಿ ಕರೆತರಬೇಕು. ಮೊದಲೇ ಗುಣಹೊಂದಿದವರು ಬಂದು ಅವನ ಬಳಿ ಕುಳಿತು ತಮ್ಮ ವೃತ್ತಾಂತವನ್ನು ಹೇಳಬೇಕು. ಹೊರಟಾಗ ಅವನು ಒಂಟಿಯಾಗಿ ಹೋಗಬಾರದು. ಹೊರಡುವವನ ಕೈಗೆ ಸಂನ್ಯಾಸಿನಿಯು ಒಂದು ಪವಿತ್ರ ಲಾಂಛನವನ್ನು ಕೊಡುವಳು. ಮತ್ತೆ ಕುಡಿಯಬೇಕೆನ್ನಿಸಿದರೆ ಮೊದಲು ಅದನ್ನು ತಂದು ಹಿಂದಕ್ಕೆ ಒಪ್ಪಿಸಬೇಕೆಂಬುದು ನಿಬಂಧನೆ. ಹೀಗೆ ೧೯೫೦ರ ವರೆಗೆ ಸುಮಾರು ೫,೦೦೦ ಜನರನ್ನು ಸ್ಮಿಥ್‌ರವರು ಒಂದು ಕಾಸನ್ನೂ ಮುಟ್ಟದೆ ನೋಡಿಕೊಂಡರು.

ಇಷ್ಟು ಮಾಡಿದವರಿಗೆ ಆಸೆಯು ಒಂದೇ ದಿನದಲ್ಲಿ ಅಳಿದುಹೋಗಿತ್ತೆಂದು ಭಾವಿಸಲಾಗದು. ಕುಡಿತವನ್ನು ಬಿಟ್ಟು ಎರಡೂವರೆ ವರ್ಷಗಳವರೆಗೂ ಮದ್ಯದ ಬಯಕೆಯು ಅವರನ್ನು ಬೆನ್ನುಬಿಡದೆ ಕಾಡಿತು. ಆ ದಿನಗಳಲ್ಲೆಲ್ಲ ಅವರು ಮಾಡಿದುದು ಒಂದೇ: ಬೆಳಗಾದರೆ ಇನ್ನೊಬ್ಬ ರೋಗಿಯ ಬಳಿಗೆ ಹೋಗುವುದು. ಅದನ್ನು ಅವರು ಉಪಕಾರವೆಂದು ಎಣಿಸಲಿಲ್ಲ. ತಮಗೆ ಕೈನೀಡಿದವರ ಋಣವನ್ನು ತೀರಿಸುವ ಬಗೆಯೆಂದೂ, ತಾವು ಮತ್ತೆ ಜಾರದಂತೆ ಕಾಯುವ ಬೇಲಿಯೆಂದೂ ಎಣಿಸಿದರು. ಕೊಡುವವನೂ ಕೊಳ್ಳುವವನೂ ಒಂದೇ ಪಂಕ್ತಿಯಲ್ಲಿ ಕುಳಿತ ಆ ದಾಸೋಹದಲ್ಲಿ ಮೇಲುಕೀಳೆಂಬುದಕ್ಕೆ ಎಡೆಯೇ ಇರಲಿಲ್ಲ.

೧೯೪೯ರ ಜೂನ್ ೧ರಂದು ಆನ್‌ರವರು ಕಾಲವಶರಾದರು. ಸ್ಮಿಥ್‌ರವರನ್ನು ಆಗಲೇ ಕರುಳಿನ ಅರ್ಬುದರೋಗವು ಹಿಡಿದಿತ್ತು. ೧೯೫೦ರ ಜುಲೈ ತಿಂಗಳಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸಂಘದ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವು ಕೂಡಿದಾಗ, ನಿಲ್ಲಲೂ ಶಕ್ತಿಯಿಲ್ಲದ ಸ್ಥಿತಿಯಲ್ಲಿ ಬಂದು ಕೆಲವೇ ನಿಮಿಷ ಮಾತನಾಡಿದರು. ಮಾರ್ಗವನ್ನು ಸರಳವಾಗಿಡಬೇಕೆಂದೂ, ಎಲ್ಲದರ ಸಾರವು ಪ್ರೇಮ ಮತ್ತು ಸೇವೆಯೆಂದೂ, ನಾಲಗೆಯನ್ನು ಹಿಡಿತದಲ್ಲಿಡಬೇಕೆಂದೂ ತಿಳಿಸಿದರು. ಅದೇ ವರ್ಷ ನವೆಂಬರ್ ೧೬ರಂದು ದೇಹವನ್ನು ಬಿಟ್ಟರು. ದೊಡ್ಡ ಸ್ಮಾರಕವನ್ನು ಕಟ್ಟಿಸಬೇಕೆಂಬ ಸ್ನೇಹಿತರ ಬಯಕೆಯನ್ನು ಅವರು ಮೊದಲೇ ನಿರಾಕರಿಸಿದ್ದರು. ಆಕ್ರನ್‌ನಲ್ಲಿ ಅವರ ಸಮಾಧಿಯ ಮೇಲಿರುವುದು ಸಾಧಾರಣವಾದ ಒಂದು ಕಲ್ಲು. ಅದರಲ್ಲಿ ಸಂಘದ ಹೆಸರೂ ಇಲ್ಲ.

ಸಂಘವು ತಾನಾಗಿ ಆಸ್ಪತ್ರೆಗಳನ್ನಾಗಲಿ ವಸತಿಗೃಹಗಳನ್ನಾಗಲಿ ನಡೆಸುವುದಿಲ್ಲ. ಆದರೂ ಸ್ಮಿಥ್ ದಂಪತಿಗಳು ತಮ್ಮ ಮನೆಯಲ್ಲಿ ನಡೆಸಿದ ಪದ್ಧತಿಯು ಬೇರೆ ಬೇರೆ ರೂಪದಿಂದ ಹಬ್ಬಿತು. ಸಿಸ್ಟರ್ ಇಗ್ನೇಷಿಯಾರವರು ೧೯೫೨ರಲ್ಲಿ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಹೊಸ ವಿಭಾಗವನ್ನು ತೆರೆದು, ಅದರ ಹೆಸರಿನ ಮೊದಲ ಅಕ್ಷರಗಳು ಸ್ಮಿಥ್‌ರವರ ಹೆಸರಿನ ಅಕ್ಷರಗಳೇ ಆಗುವಂತೆ ಜೋಡಿಸಿದರು. ೧೯೭೫ರಿಂದ ಆ ದೇಶದಲ್ಲಿ, ಚೇತರಿಸಿಕೊಳ್ಳುತ್ತಿರುವ ವ್ಯಸನಿಗಳು ಒಂದೇ ಸೂರಿನಡಿಯಲ್ಲಿ ಕೂಡಿ ಬಾಳುತ್ತ, ಬಾಡಿಗೆಯನ್ನು ತಾವೇ ಹಂಚಿಕೊಂಡು, ಮತ್ತೆ ಕುಡಿದವನನ್ನು ಹೊರಗೆ ಕಳುಹಿಸುವ ಕಟ್ಟಳೆಯನ್ನು ತಾವೇ ನಡೆಸುವ ಆಕ್ಸ್‌ಫರ್ಡ್ ಹೌಸ್ ಎಂಬ ಮನೆಗಳೂ ಹುಟ್ಟಿವೆ. ಸಂಘದ ಕೂಟಗಳು ಭಾರತದಲ್ಲಿಯೂ, ಬೆಂಗಳೂರಿನಲ್ಲಿಯೂ ನಡೆಯುತ್ತವೆ. ಆರ್ಡ್‌ಮೋರ್ ಬೀದಿಯ ಆ ಮನೆಯು ಯಾತ್ರಾಸ್ಥಳವಾಗಿದೆ.

ಕುಡುಕನನ್ನು ಊರು ಎರಡು ವಿಧವಾಗಿ ಕಾಣುವುದುಂಟು: ಒಂದು ನಿಂದೆ, ಇನ್ನೊಂದು ಆಣೆಪ್ರಮಾಣ. ನಿಂದೆಯು ಅವನನ್ನು ದೂರ ಮಾಡುವುದು; ಆಣೆಯು ಅವನನ್ನು ಒಂಟಿಯಾಗಿ ಹೋರಲು ಬಿಡುವುದು. ಇವೆರಡರಿಂದಲೂ ಉಳಿಯದೆ ಹೋದ ಒಬ್ಬ ವಿದ್ಯಾವಂತ ವೈದ್ಯರನ್ನು ಉಳಿಸಿದುದು ಬಳಿಯಲ್ಲಿ ಕುಳಿತ ಒಬ್ಬ ಜೊತೆಗಾರ. ಅವರು ಇತರರನ್ನು ಉಳಿಸಿದುದು ಒಂದು ಹಾಸಿಗೆ, ಒಂದು ತುತ್ತು, ತೆರೆದ ಒಂದು ಬಾಗಿಲಿನಿಂದ. ಬಿದ್ದವನು ಬಂದು ತಟ್ಟಿದಾಗ ತೆರೆಯುವ ಬಾಗಿಲು ಪ್ರತಿಯೊಂದು ಊರಿನಲ್ಲಿಯೂ ಒಂದಾದರೂ ಇರುವಂತೆ ಪರಮಾತ್ಮನು ಭಕ್ತಜನರಿಗೆ ಸದ್ಬುದ್ಧಿಯನ್ನು ಕರುಣಿಸಲಿ.