ಎತ್ತಿಕೊಳ್ಳದ ಅಕ್ಕರೆ

ಮಾಂಟೆಸೊರಿ ಎಂಬ ಹೆಸರನ್ನು ಊರೂರಿನ ಶಿಶುವಿಹಾರಗಳ ಫಲಕಗಳಲ್ಲಿ ಓದುತ್ತೇವೆ. ಆ ಹೆಸರಿನ ಹಿಂದಿನ ಬಾಳನ್ನು ಬಲ್ಲವರು ವಿರಳ.

ಮರಿಯಾ ಮಾಂಟೆಸೊರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿ, 1896ರಲ್ಲಿ ರೋಮಿನಲ್ಲಿ ವೈದ್ಯಪದವಿ ಪಡೆದರು. 1898ರಲ್ಲಿ ಮಗ ಮಾರಿಯೊನ ಜನನವಾಯಿತು. ಅವಿವಾಹಿತೆಯಾಗಿದ್ದ ತಾಯಿ ಲೋಕಾಪವಾದಕ್ಕೆ ಅಂಜಿ ಹಸುಳೆಯನ್ನು ಹಳ್ಳಿಯಲ್ಲಿ ಪರರ ಪಾಲನೆಗೆ ಒಪ್ಪಿಸಬೇಕಾಯಿತು. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು, ಎಳೆಯರೇ ಎತ್ತಿ ಸಾಗಿಸಬಲ್ಲ ಹಗುರವಾದ ಮೇಜು ಕುರ್ಚಿಗಳನ್ನು ಮಾಡಿಸಿದರು.

1939ರಲ್ಲಿ ಮದರಾಸಿಗೆ ಬಂದವರು ಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲೇ ಉಳಿದರು. ಇಲ್ಲಿನ ಉಪನ್ಯಾಸಗಳಿಂದ ರೂಪುಗೊಂಡ 1949ರ ಗ್ರಂಥದಲ್ಲಿ, ಆಗತಾನೆ ನಡೆ ಕಲಿತ ಕೂಸಿನ ದುಡಿಮೆಯನ್ನು ವಿವರಿಸಿದ್ದಾರೆ. ಒಂದೂವರೆ ವರುಷದ ಮಗು ತನಗೆ ಮೀರಿದ ಭಾರವನ್ನು ಹೊರುವುದು, ಏರಲು ಹವಣಿಸುವುದು ಹಟವಲ್ಲ. ಕೈಕಾಲುಗಳು ತಮ್ಮ ಬಲವನ್ನು ತಾವೇ ಗಳಿಸಿಕೊಳ್ಳುವ ಬಗೆ. ಹಿರಿಯರು ಹೊರೆಯನ್ನು ಕಸಿದುಕೊಳ್ಳದೆ, ಮಗುವಿನ ನಡೆಗೆ ತಮ್ಮ ನಡೆಯನ್ನು ಹೊಂದಿಸಿಕೊಳ್ಳಬೇಕೆಂಬುದು ಅವರ ಮತ.

1952ರಲ್ಲಿ ಅವರು ಹಾಲೆಂಡಿನಲ್ಲಿ ತೀರಿಕೊಂಡರು. ಬೆಳೆದ ಮೇಲೆ ತಾಯಿಯನ್ನು ಸೇರಿದ್ದ ಮಾರಿಯೊ ಅವರ ಕಾರ್ಯವನ್ನು ಮುಂದುವರಿಸಿದರು. ತನ್ನ ಕೂಸನ್ನು ಎತ್ತಾಡಿಸಿ ಬೆಳೆಸುವ ಭಾಗ್ಯವಿಲ್ಲದ ತಾಯಿಯೇ, ಎತ್ತಿಕೊಳ್ಳಲು ಚಾಚಿದ ಕೈಯನ್ನು ತುಸು ತಡೆಯಿರೆಂದು ಲೋಕಕ್ಕೆ ತಿಳಿಸಿದುದನ್ನು ನೆನೆದಾಗ ನನ್ನ ಮನಸ್ಸು ಆರ್ದ್ರವಾಗುತ್ತದೆ.