ಚಾರ್ಲ್ಸ್ ಡಾರ್ವಿನ್ ಮತ್ತು ದ್ವೀಪಗಳ ಓತಿಗಳು

ಬೇಲಿಯ ಮೇಲೆ ತಲೆ ಕುಣಿಸುವ ಓತಿಕೇತಕ್ಕೆ ಕಲ್ಲೆಸೆಯದೆ ಬಾಲ್ಯ ಕಳೆದವರು ನಮ್ಮಲ್ಲಿ ವಿರಳ. ಆ ತಲೆಯಾಟ ಏತಕ್ಕೆಂದು ಯೋಚಿಸಿದವರು ಇನ್ನೂ ವಿರಳ. ಹಾಗೆ ಯೋಚಿಸಿದವರಲ್ಲಿ ಜೀವವಿಕಾಸವಾದದ ಪ್ರವರ್ತಕನಾದ ಚಾರ್ಲ್ಸ್ ಡಾರ್ವಿನ್ನನೂ ಒಬ್ಬ.

1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದ ಡಾರ್ವಿನ್ ಎಂಟನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡನು. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಅವನಿಗೆ ರುಚಿಸಲಿಲ್ಲ. ಅಣ್ಣನೊಡನೆ ಮನೆಯಲ್ಲಿ ರಸಾಯನ ಪ್ರಯೋಗ ಮಾಡುತ್ತಿದ್ದುದಕ್ಕೆ, ಕಾಲಹರಣ ಮಾಡುತ್ತಿದ್ದಾನೆಂದು ಮುಖ್ಯೋಪಾಧ್ಯಾಯರು ಎಲ್ಲರೆದುರಿಗೆ ಗದರಿದರು. (ಉಪಾಧ್ಯಾಯರ ಭವಿಷ್ಯವಾಣಿ ಸದಾ ನಿಜವಾಗುವುದಿಲ್ಲವೆಂಬುದು ಹಳೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ.) ವೈದ್ಯನಾದ ತಂದೆ ಎಡಿನ್‌ಬರೋಗೆ ವೈದ್ಯಕೀಯಕ್ಕೆ ಕಳುಹಿಸಿದನು; ಅರಿವಳಿಕೆಯಿಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಮಗ ಹೊರಬಂದನು. ಪಾದ್ರಿಯಾಗಲೆಂದು ಸೇರಿಸಿದ ಕೇಂಬ್ರಿಜ್‌ನಲ್ಲಿ ಅವನು ಹಿಂಬಾಲಿಸಿದ್ದು ಜೀರುಂಡೆಗಳನ್ನು. ಗುರು ಹೆನ್‌ಸ್ಲೋ ಅವರ ಶಿಫಾರಸಿನಿಂದ ಬೀಗಲ್ ನೌಕೆಯಲ್ಲಿ ಅವಕಾಶ ಒದಗಿದಾಗ ತಂದೆ ಒಪ್ಪಲಿಲ್ಲ. ಸೋದರಮಾವ ವೆಜ್‌ವುಡ್ ಒಪ್ಪಿಸಿದನು. 1831ರ ಡಿಸೆಂಬರ್ 27ರಂದು ನೌಕೆ ಹೊರಟಿತು.

1835ರ ಸೆಪ್ಟೆಂಬರಿನಲ್ಲಿ ಅದು ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದ ಗಲಾಪಗೋಸ್ ದ್ವೀಪಗಳನ್ನು ತಲುಪಿತು. ಅಲ್ಲಿದ್ದುದು ಐದೇ ವಾರ. ಕಪ್ಪು ಲಾವಾ ಬಂಡೆಗಳ ಮೇಲೆ ಇಗ್ವಾನಗಳೆಂಬ ದೊಡ್ಡ ಓತಿಗಳು ಗುಂಪುಗುಂಪಾಗಿ ಬಿಸಿಲು ಕಾಯುತ್ತಿದ್ದವು. ಕಡಲ ಪಾಚಿ ತಿಂದು ಬದುಕುವ, ಚೆನ್ನಾಗಿ ಈಜಬಲ್ಲ ಈ ಪ್ರಾಣಿ ಬೆದರಿಸಿದರೂ ನೀರಿಗಿಳಿಯುತ್ತಿರಲಿಲ್ಲ. ಡಾರ್ವಿನ್ ಒಂದನ್ನು ಬಾಲ ಹಿಡಿದು ನೀರಿನ ಹೊಂಡಕ್ಕೆ ಮತ್ತೆ ಮತ್ತೆ ಎಸೆದನು; ಪ್ರತಿ ಸಲವೂ ಅದು ಅವನ ಬಳಿಗೇ ಹಿಂತಿರುಗಿತು. ಕಡಲಿನಲ್ಲಿ ಶಾರ್ಕುಗಳ ಭಯ, ದಡದಲ್ಲಿ ಶತ್ರುವೇ ಇಲ್ಲ. ಆದುದರಿಂದ ದಡವೇ ಕ್ಷೇಮವೆಂಬ ಸ್ವಭಾವ ಅದರಲ್ಲಿ ನೆಲೆಸಿದೆಯೆಂದು ಊಹಿಸಿದನು. ಬಿಲ ತೋಡುತ್ತಿದ್ದ ನೆಲದ ಇಗ್ವಾನವೊಂದರ ಬಾಲವನ್ನು ಎಳೆದಾಗ ಅದು ಹೊರಬಂದು ಬೆರಗಿನಿಂದ ಅವನನ್ನೇ ದಿಟ್ಟಿಸಿತಂತೆ. ಮುಂಗಾಲುಗಳ ಮೇಲೆ ಎದ್ದು ತಲೆ ಕುಣಿಸುವ ಅವುಗಳ ರೀತಿಯನ್ನೂ, ಸಣ್ಣ ಓತಿಗಳು ಅದೇ ರೀತಿ ಕುಣಿಸುವುದನ್ನೂ ಬರೆದಿಟ್ಟು, ಉದ್ದೇಶ ತನಗೆ ತಿಳಿಯದೆಂದು ಒಪ್ಪಿಕೊಂಡನು.

ಆದರೆ ಒಂದು ಲೋಪ ಉಳಿಯಿತು. ಆಮೆಯನ್ನು ನೋಡಿದರೆ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆನೆಂದು ಅಲ್ಲಿನ ಅಧಿಕಾರಿ ಲಾಸನ್ ತಿಳಿಸಿದಾಗ ಡಾರ್ವಿನ್ ಅದಕ್ಕೆ ಸಾಕಷ್ಟು ಗಮನ ಕೊಡಲಿಲ್ಲ. ಎರಡು ದ್ವೀಪಗಳ ಸಂಗ್ರಹವನ್ನು ಬೆರೆಸಿಯೂಬಿಟ್ಟಿದ್ದನು. ಕಣ್ಣಿಗೆ ಕಾಣುವಷ್ಟು ಹತ್ತಿರದ ದ್ವೀಪಗಳಲ್ಲಿ ಜೀವಿಗಳು ಬೇರೆಯಾಗಿರಬಹುದೆಂದು ಯಾರು ತಾನೆ ಎಣಿಸಿಯಾರು! ಊರಿಗೆ ಮರಳಿದ ಮೇಲೆ ಸಹಯಾತ್ರಿಗಳ ಸಂಗ್ರಹಗಳ ನೆರವಿನಿಂದ ಆ ಗೊಂದಲವನ್ನು ಬಿಡಿಸಬೇಕಾಯಿತು. ಆ ಪ್ರಶ್ನೆಯ ಬೆನ್ನು ಹತ್ತಿದ ಚಿಂತನೆ 1859ರ ಮಹಾಗ್ರಂಥದಲ್ಲಿ ಫಲಿಸಿತು. 1871ರ ಗ್ರಂಥದಲ್ಲಿ ಅವನು ನಮ್ಮ ದೇಶದ ಸಿಟಾನ ಎಂಬ ಸಣ್ಣ ಓತಿಯನ್ನೂ ಸ್ಮರಿಸಿದ್ದಾನೆ. ಇದರ ಗಂಡು ಬೆದೆಗಾಲದಲ್ಲಿ ಗಂಟಲ ಕೆಳಗಿನ ನೀಲಿ, ಕಪ್ಪು, ಕೆಂಪು ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ.

1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡನು. ತಲೆಯಾಟದ ಉತ್ತರ ಅವನ ಕಾಲದ ಅನಂತರ ಸ್ಪಷ್ಟವಾಯಿತು: ಗಂಡು ತನ್ನ ನೆಲೆಗೆ ನುಗ್ಗುವ ಎದುರಾಳಿಯನ್ನು ಗದರಿಸಲು, ಹೆಣ್ಣನ್ನು ಒಲಿಸಲು ಹೀಗೆ ಮಾಡುತ್ತದೆ. 1966ರಲ್ಲಿ ಅಮೆರಿಕದ ಚಾರ್ಲ್ಸ್ ಕಾರ್ಪೆಂಟರ್ ಗಲಾಪಗೋಸಿನ ಲಾವಾ ಓತಿಗಳನ್ನು ಹೋಲಿಸಿ, ಏಳುಬೀಳಿನ ಲಯ ದ್ವೀಪದಿಂದ ದ್ವೀಪಕ್ಕೆ ಭಿನ್ನವೆಂದು ತೋರಿಸಿದನು. ಕಡಲಿನಿಂದ ಅಗಲಿದ ಒಂದೇ ಕುಲದ ಜೀವಿಗಳಿಗೆ ಒಂದೊಂದು ದ್ವೀಪದಲ್ಲಿ ಒಂದೊಂದು ಬಗೆಯ ಸಂಕೇತ!

ಡಾರ್ವಿನ್ ಕಂಡ ಸಾಂಟಿಯಾಗೋ ದ್ವೀಪದಲ್ಲಿ, ಡೇರೆ ಹಾಕಲು ಬಿಲವಿಲ್ಲದ ಜಾಗ ಸಿಗದಷ್ಟು ನೆಲದ ಇಗ್ವಾನಗಳಿದ್ದವು. ಮನುಷ್ಯರು ತಂದುಬಿಟ್ಟ ಹಂದಿ ಮುಂತಾದ ಪ್ರಾಣಿಗಳ ಹಾವಳಿಯಿಂದ ಅವು ಅಲ್ಲಿ ನಿರ್ನಾಮವಾದವು. ಹಂದಿಗಳನ್ನು ತೊಡೆದ ಬಳಿಕ, 2019ರ ಜನವರಿಯಲ್ಲಿ, ಉತ್ತರ ಸೇಮೂರ್ ದ್ವೀಪದಿಂದ 1,400ಕ್ಕೂ ಹೆಚ್ಚು ಇಗ್ವಾನಗಳನ್ನು ತಂದು ಅಲ್ಲಿ ಮತ್ತೆ ಬಿಡಲಾಯಿತು.